ಉಂಡು, ಕೇಳಿ ಅರಿಯುವ ನಾಡು



ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈಚೆಗೆ ನಮ್ಮ ಸಮಾಜದ ಕುಟುಂಬಗಳು ಪ್ರವಾಸದಲ್ಲಿ ಆಸಕ್ತಿ ತಳೆದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಸುತ್ತುವ ಬಗೆಯನ್ನು ಕುರಿತು ಒಂದೆರಡು ಮಾತು ಹೇಳಬೇಕೆನಿಸಿದೆ. ಬೆಳಿಗ್ಗೆ ವಾಹನವೇರಿ ಕಿತ್ತೂರಿನ ಕೋಟೆ, ಬೈಲಹೊಂಗಲದ ಚೆನ್ನಮ್ಮನ ಸಮಾಧಿ, ಸವದತ್ತಿಯ ಎಲ್ಲಮ್ಮನ ಗುಡ್ಡ, ರಾಮದುರ್ಗ ತಾಲೂಕಿನ ಗೊಡಚಿ, ಇವಿಷ್ಟನ್ನೂ ಒಂದೇ ದಿನದಲ್ಲಿ ಮುಗಿಸುವವರನ್ನು ನಾವು ಕಾಣುತ್ತಿದ್ದೇವೆ. ಪೇಟೆಯ ಬಿಸ್ಕೀಟು ತಿಂದು, ಬಾಟಲಿಯ ಪಾನೀಯ ಕುಡಿದು, ಭಾವಚಿತ್ರಗಳೊಡನೆ ರಾತ್ರಿ ಮನೆ ಸೇರುತ್ತಾರೆ. ಕಣ್ಣು ನಾಡನ್ನು ಕಂಡಿತು. ನಾಲಗೆಯೂ ಕಿವಿಯೂ ಮನೆ ಬಿಟ್ಟು ಹೊರಡಲೇ ಇಲ್ಲ.

ಅಟ್ಲಾಂಟಿಕ್ ಸಾಗರದಾಚೆಯ ಕೆರಿಬಿಯನ್ ದ್ವೀಪಗಳಿಗೆ ಲೋಕದ ಜನ ಹೋಗುವುದು ಸಮುದ್ರವನ್ನು ನೋಡುವುದಕ್ಕೆ ಮಾತ್ರವಲ್ಲ, ಅಲ್ಲಿಯ ಊಟ, ಪಾನೀಯ, ಸಂಗೀತಗಳನ್ನು ಅನುಭವಿಸುವುದಕ್ಕೂ ಹೌದು. ಆ ಸೊಗಸಿನ ಹಿಂದಿರುವ ಚರಿತ್ರೆಯನ್ನು ತಿಳಿದರೆ ನಮ್ಮ ಮಾತಿನ ಅರ್ಥ ಸ್ಪಷ್ಟವಾದೀತು. ಅಲ್ಲಿ ಹೆಸರಾದ ರಮ್ ಎಂಬ ಮದ್ಯ ಕಬ್ಬಿನ ಕಾಕಂಬಿಯಿಂದ ಇಳಿಸಿದ್ದು. ಆ ಕಬ್ಬನ್ನು ಬೆಳೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಬ್ರಿಟಿಷರ ದ್ವೀಪಗಳಲ್ಲಿ ಗುಲಾಮಗಿರಿ 1838ರಲ್ಲಿ ಪೂರ್ಣವಾಗಿ ನಿಂತ ಮೇಲೆ ಅವರ ಸ್ಥಾನಕ್ಕೆ ಭಾರತದ ಕೂಲಿಗಳು ಹೋದರು. 1845ರ ಮೇ 30ರಂದು ಅವರ ಮೊದಲ ಹಡಗು ಟ್ರಿನಿಡಾಡ್ ದ್ವೀಪವನ್ನು ಮುಟ್ಟಿತು. ಬಹುತೇಕರು ಉತ್ತರ ಭಾರತದವರು. ಕಾಳಿನ ಹೂರಣ ತುಂಬಿದ ಅವರ ದಾಲ್‌ಪುರಿ ಇಂದು ಆ ದ್ವೀಪದವರೆಲ್ಲರ ಆಹಾರ. 1880ರ ದಶಕದಲ್ಲಿ ಅಲ್ಲಿನ ಸರಕಾರ ಕರಿಯರ ಡೋಲುಗಳನ್ನು ನಿಷೇಧಿಸಿದಾಗ ಜನರು ಬಿದಿರಿನ ತುಂಡುಗಳನ್ನು ನೆಲಕ್ಕೆ ಬಡಿದು ತಾಳ ಹಿಡಿದರು. ಮುಂದೆ ಎಣ್ಣೆಯ ಖಾಲಿ ಪೀಪಾಯಿಗಳನ್ನು ತಟ್ಟಿ ಸ್ವರ ಹೊರಡಿಸಿದರು. ಅದೇ ಇಂದಿನ ಸ್ಟೀಲ್‌ಪ್ಯಾನ್ ವಾದ್ಯ. ಕಷ್ಟಪಟ್ಟ ಜನರ ಬಾಳು ಅವರ ಅಡಿಗೆಯಲ್ಲಿ, ಹಾಡಿನಲ್ಲಿ ಉಳಿದುಬಂದಿದೆ. ಉಂಡು ಕೇಳಿದವರಿಗೆ ಈ ಕಥೆ ತಿಳಿಯದಿದ್ದರೆ ಅವರ ಯಾತ್ರೆ ಅರ್ಧವೇ ಆಯಿತೆನ್ನಬೇಕು.

ಇದೇ ಮಾತನ್ನು ನಮ್ಮ ನಾಲ್ಕು ತಾಲೂಕುಗಳಿಗೆ ಅನ್ವಯಿಸಿ ನೋಡೋಣ. ಮಲಪ್ರಭೆಯ ಸುತ್ತಣ ಎರೆಭೂಮಿ ಹಿಂಗಾರಿ ಜೋಳದ ನೆಲ. ತೆನೆ ಹಾಲುಗಟ್ಟಿದಾಗ ಸೀತನಿ, ಬಲಿತು ಕಾಳಾದ ಮೇಲೆ ರೊಟ್ಟಿ. ಗೋದಿಯಲ್ಲಿರುವ ಜಿಗಿ ಜೋಳದಲ್ಲಿಲ್ಲ. ಆದಕಾರಣ ಹಿಟ್ಟನ್ನು ಕುದಿಯುವ ಎಸರಿನಲ್ಲಿ ಕಲಸಿ, ನಾದಿ, ಅಂಗೈಯಿಂದ ಬಡಿದು ಹಿಗ್ಗಿಸಬೇಕಾಗುತ್ತದೆ. ಸುಟ್ಟು ಒಣಗಿಸಿದ ಖಡಕ್ ರೊಟ್ಟಿ ಬಹು ದಿನ ಕೆಡದು. ಚಕ್ಕಡಿ ಹೂಡಿ ಜಾತ್ರೆಗೆ ಹೋಗುತ್ತಿದ್ದ ಮನೆತನಗಳು ರೊಟ್ಟಿ, ಗುರೆಳ್ಳು ಚಟ್ನಿ, ಮಾದಲಿಯ ಬುತ್ತಿಯನ್ನು ನಂಬಿಯೇ ಹೊರಡುತ್ತಿದ್ದವು. ಒಂದು ತುತ್ತು ರೊಟ್ಟಿಯಲ್ಲಿ ಈ ನೆಲದ ಗುಣವೂ ಉಂಟು, ಒಬ್ಬ ತಾಯಿಯ ತೋಳಿನ ಬಲವೂ ಉಂಟು.

ಸವದತ್ತಿಯ ಗುಡ್ಡಕ್ಕೆ ಭಾರತ ಹುಣ್ಣಿಮೆಯಲ್ಲಿ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಅಪಾರ ಜನ ಸೇರುತ್ತಾರೆ. ಬಯಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ ಮಾಡಿ ಪರಡಿ ತುಂಬುತ್ತಾರೆ. ಮಗ್ಗುಲಲ್ಲಿ ಇಳಿದುಕೊಂಡ ಅಪರಿಚಿತರಿಗೂ ಬಡಿಸುತ್ತಾರೆ. ಅಲ್ಲಿ ಕೇಳಿಬರುವ ಚೌಡಿಕೆಯ ನಾದಕ್ಕೆ ಇನ್ನೊಂದು ಮುಖವಿದೆ. ಅದನ್ನು ನುಡಿಸಿದವರಲ್ಲಿ ಎಷ್ಟೋ ಮಂದಿ ಬಾಲ್ಯದಲ್ಲೇ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಬಾಳು ಕಳೆದುಕೊಂಡ ಹೆಣ್ಣುಮಕ್ಕಳು. ಆ ಪದ್ಧತಿಯನ್ನು ಕರ್ನಾಟಕವು 1982ರ ಕಾಯ್ದೆಯಿಂದ ನಿಷೇಧಿಸಿತು. ಪದ್ಧತಿ ಅಳಿಯಬೇಕು, ಹಾಡು ಉಳಿಯಬೇಕು. ಹಾಡಿದವರಿಗೆ ಮರ್ಯಾದೆ ದೊರೆಯಬೇಕು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಸಂದದ್ದು ಈ ದಿಸೆಯಲ್ಲಿ ಶುಭಸೂಚನೆ.

ಬೈಲಹೊಂಗಲ ಮತ್ತು ಕಿತ್ತೂರುಗಳ ಸಂಗೀತ ಬೇರೆ ತೆರನಾದದ್ದು. ಕೆರಿಬಿಯನ್ ತೋಟಗಳ ಒಡೆತನ ನಡೆಸಿದ ಸಾಮ್ರಾಜ್ಯವೇ 1824ರಲ್ಲಿ ಕಿತ್ತೂರನ್ನೂ ನುಂಗಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು; ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇತಿಹಾಸದ ಪುಸ್ತಕಗಳು ಊರಿಗೆ ಬರುವ ಮೊದಲೇ ಲಾವಣಿಕಾರರೂ ಗೀಗೀ ಮೇಳದವರೂ ಈ ಕಥೆಯನ್ನು ಓದುಬಾರದವರ ಮನೆಬಾಗಿಲಿಗೆ ತಂದರು. ಸಂಗ್ಯಾ ಬಾಳ್ಯಾ ಎಂಬ ಸಣ್ಣಾಟಕ್ಕೂ ಬೈಲಹೊಂಗಲದ ನೆಲವೇ ತವರು. ಕಿತ್ತೂರು ಉತ್ಸವಕ್ಕೆ ಅಕ್ಟೋಬರದಲ್ಲಿ ಹೋಗುವವರು ದೀಪಾಲಂಕಾರ ನೋಡಿ ಹಿಂತಿರುಗದೆ ಜಾನಪದ ಮೇಳಗಳ ಮುಂದೆ ಒಂದು ತಾಸು ಕುಳಿತುಕೊಳ್ಳಬೇಕು.

ರಾಮದುರ್ಗದ ಕಡೆ ಹೋದರೆ ಗೊಡಚಿಯ ವೀರಭದ್ರನ ಜಾತ್ರೆ. ಸಂಬಾಳದ ನಾದಕ್ಕೆ ಪುರವಂತರು ಒಡಪು ಹೇಳುವುದನ್ನು ಕೇಳಿಯೇ ಅರಿಯಬೇಕು. ಅದೇ ತಾಲೂಕಿನ ಸುರೇಬಾನದ ಬಳಿ ಶಬರಿಕೊಳ್ಳವಿದೆ. ಶಬರಿ ರಾಮನಿಗೆ ಬಾರಿಹಣ್ಣು ಕೊಟ್ಟದ್ದು ಅಲ್ಲಿಯೇ ಎಂಬುದು ಜನರ ನಂಬಿಕೆ. ಅತಿಥಿಯ ಮುಂದಿಟ್ಟದ್ದು ಕಾಡಿನ ಹಣ್ಣು. ಆದರೆ ಕೊಟ್ಟವಳಾರೆಂಬುದನ್ನು ಉಂಡವನು ಮರೆಯಲಿಲ್ಲ. ಯಾತ್ರಿಕನಿಗೆ ಇದಕ್ಕಿಂತ ಹಿರಿದಾದ ಪಾಠ ಬೇರೆ ಬೇಕಿಲ್ಲ.

ಕುಡಿಯುವುದರ ವಿಷಯಕ್ಕೆ ಬಂದರೆ, ನಮ್ಮಲ್ಲಿಯೂ ಕಬ್ಬುಂಟು. ಕಿತ್ತೂರಿನ ಸಮೀಪ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಹೆಸರಿನ ಸಹಕಾರಿ ಸಕ್ಕರೆ ಕಾರಖಾನೆಯೇ ಉಂಟು. ಕಬ್ಬಿನ ಹಾಲು, ಬೆಲ್ಲದ ಪಾನಕ, ಅಂಬಲಿ, ಒಗ್ಗರಣೆ ಕೊಟ್ಟ ಮಜ್ಜಿಗೆ, ಬಿಸಿಲಿನ ಈ ನಾಡಿಗೆ ಒಪ್ಪುವ ಪಾನೀಯಗಳು ಇವು. ಜಾತ್ರೆಯ ನೆಪದಲ್ಲಿ ಮದ್ಯಕ್ಕೆ ಕೈಹಾಕುವ ತರುಣರು ರಮ್ಮಿನ ಹಿಂದಿನ ಗುಲಾಮರ ಕಥೆಯನ್ನೂ, ಕುಡಿತದಿಂದ ಕಣ್ಣೀರಿಟ್ಟ ತಮ್ಮೂರಿನ ಮನೆಗಳನ್ನೂ ನೆನೆಯಬೇಕು.

ಇಂದಿನ ಜಾತ್ರೆಗಳಲ್ಲಿ ಧ್ವನಿವರ್ಧಕದ ಅಬ್ಬರಕ್ಕೆ ಚೌಡಿಕೆ, ಸಂಬಾಳಗಳ ದನಿ ಅಡಗುತ್ತಿದೆ. ಬಾರಿಸುವ ಕೈಗಳಿಗೆ ವಯಸ್ಸಾಗಿದೆ. ಕಲಿಯುವ ಮಕ್ಕಳು ವಿರಳ. ಮಾದಲಿಯ ಹದ ಬಲ್ಲ ಅಜ್ಜಿಯರೂ ಮನೆಮನೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ಇವು ಒಮ್ಮೆ ಹೋದರೆ ಹಣ ಕೊಟ್ಟು ತರುವಂಥವಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೆ. ನಾಲ್ಕು ಸ್ಥಳಗಳ ಬದಲು ಒಂದೇ ಸ್ಥಳಕ್ಕೆ ಹೋಗಿ, ಒಂದು ರಾತ್ರಿ ತಂಗಿರಿ. ಊರಿನವರು ಉಣ್ಣುವುದನ್ನೇ ಉಣ್ಣಿರಿ. ರೊಟ್ಟಿ ಬಡಿದು ಮಾರುವ ತಾಯಿಯೊಡನೆ ಬೆಲೆಗಾಗಿ ಜಗ್ಗಾಡಬೇಡಿರಿ. ಹಾಡಿದವರ ಹೆಸರು, ಊರು ಕೇಳಿ, ಕಾಣಿಕೆಯನ್ನು ಗೌರವದಿಂದ ಕೈಯಲ್ಲಿಡಿರಿ. ಮಕ್ಕಳಿಗೆ ಒಂದಾದರೂ ಹಾಡನ್ನು, ಮನೆಯ ಹಿರಿಯರಿಂದ ಒಂದಾದರೂ ಅಡಿಗೆಯನ್ನು ಕಲಿಸಿರಿ. ಬರುವ ಭಾರತ ಹುಣ್ಣಿಮೆಗೆ ಹೊರಡುವ ಕುಟುಂಬಗಳು ಬುತ್ತಿ ಕಟ್ಟುವ ದಿನದಿಂದಲೇ ಇದನ್ನು ಆರಂಭಿಸಬಹುದು.