2003ರಲ್ಲಿ ಹುಟ್ಟಿದ ಹುಡುಗಿಯರು ಎಲ್ಲಿ ಆಡಬೇಕಿತ್ತು?

ನಮ್ಮ ಹಾಸ್ಟೆಲ್ ಟಿವಿಯಲ್ಲಿ ಐಸ್ ಹಾಕಿ ಯಾರೂ ಹಾಕಲ್ಲ. ಆದರೂ ಕೆನಡಾದ 18ರ ಒಳಗಿನ ಹುಡುಗಿಯರ ರಾಷ್ಟ್ರೀಯ ತಂಡಕ್ಕೆ ಆದದ್ದನ್ನು ನಾವು ತಿಳ್ಕೋಬೇಕು. ಅದು ನಮ್ಮದೇ ವಯಸ್ಸಿನವರ ವಿಷಯ.

ಈ ವಯೋಮಿತಿಯ ಮಹಿಳಾ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 2008ರಲ್ಲಿ. 2021ರ ಟೂರ್ನಿ ಕೋವಿಡ್‌ನಿಂದ ರದ್ದಾಯಿತು. ಆಗ ಎಲ್ಲವೂ ರದ್ದಾಗ್ತಿತ್ತಲ್ಲ ಅಂತೀರಾ? ಇಲ್ಲ. ಅದೇ ಚಳಿಗಾಲದಲ್ಲಿ ಹುಡುಗರ 20ರ ಒಳಗಿನ ಟೂರ್ನಿ ಎಡ್ಮಂಟನ್‌ನಲ್ಲಿ ಬಬಲ್ ಕಟ್ಟಿ, ಪ್ರೇಕ್ಷಕರಿಲ್ಲದೆ ನಡೆಯಿತು. ಹುಡುಗರ 18ರ ಒಳಗಿನದ್ದು ಏಪ್ರಿಲ್-ಮೇನಲ್ಲಿ ಟೆಕ್ಸಾಸ್‌ನಲ್ಲಿ ಆಯ್ತು.

ಮುಂದಿನ ಸಲವೂ ಅದೇ ಕತೆ. 2022ರ ಜನವರಿಯಲ್ಲಿ ಸ್ವೀಡನ್‌ನಲ್ಲಿ ಹುಡುಗಿಯರು ಆಡಬೇಕಿತ್ತು. ಡಿಸೆಂಬರ್ 24ಕ್ಕೆ ಅಂತರರಾಷ್ಟ್ರೀಯ ಒಕ್ಕೂಟ ಜನವರಿಯ ಟೂರ್ನಿಗಳನ್ನೆಲ್ಲ ಕೈಬಿಟ್ಟಿತು. ನ್ಯಾಯವಾಗಿ ಹೇಳಬೇಕಂದ್ರೆ, ಆ ಪಟ್ಟಿಯಲ್ಲಿ ಹುಡುಗರ ಕೆಳ ಡಿವಿಷನ್‌ಗಳೂ ಇದ್ದವು. ಆದರೆ ಎರಡೇ ದಿನಕ್ಕೆ ಹುಡುಗರ ದೊಡ್ಡ ಟೂರ್ನಿ ಆಲ್ಬರ್ಟಾದಲ್ಲಿ ಶುರುವಾಯ್ತು! ಅದೂ ಕೆಲವೇ ದಿನಕ್ಕೆ ನಿಂತಿತು, ಆಮೇಲೆ ಆಗಸ್ಟ್‌ನಲ್ಲಿ ಮತ್ತೆ ನಡೆಸಿದರು.

ಆ ಟೂರ್ನಿ ದುಡ್ಡು ತರುತ್ತೆ, ಟಿವಿಯಲ್ಲಿ ಜನ ನೋಡ್ತಾರೆ ಅನ್ನೋ ವಾದ ಇದೆ. ಒಪ್ಪೋಣ. ಆದರೆ ಹುಡುಗಿಯರ ಪಂದ್ಯ ತೋರಿಸದೆ, ನಡೆಸದೆ, ಯಾರೂ ನೋಡಲ್ಲ ಅಂದ್ರೆ ಹೇಗೆ?

2021ರಲ್ಲಿ ನಮ್ಮ ರಾಜ್ಯದಲ್ಲೂ ಸೆಕೆಂಡ್ ಪಿಯು ಪರೀಕ್ಷೆ ರದ್ದಾಯಿತು, ನೆನಪಿದೆಯಲ್ಲ? ಸಿಇಟಿ ಮಾತ್ರ ರದ್ದಾಗಲಿಲ್ಲ. ಸೀಟು ಹಂಚೋಕೆ ಅದು ಬೇಕೇ ಬೇಕಿತ್ತು, ಹಾಗಾಗಿ ಹೇಗೋ ನಡೆಸಿದರು. ಬೇಕು ಅನ್ನಿಸಿದ್ದಕ್ಕೆ ದಾರಿ ಸಿಗುತ್ತೆ. ಹುಡುಗಿಯರ ಟೂರ್ನಿ ಬೇಕು ಅಂತ ಮೊದಲು ಯಾರಿಗೂ ಅನ್ನಿಸಲಿಲ್ಲ, ಅಷ್ಟೇ.

ಎರಡನೇ ಸಲ ರದ್ದಾದಾಗ ಟೀಕೆ ಜೋರಾಯ್ತು. ಕೊನೆಗೆ 2022ರ ಜೂನ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟೂರ್ನಿ ನಡೆಯಿತು. ಗುಂಪಿನ ಪಂದ್ಯದಲ್ಲಿ ಅಮೆರಿಕದ ಕೈಯಲ್ಲಿ 7-0 ಅಂತರದಲ್ಲಿ ಸೋತಿದ್ದ ಕೆನಡಾ, ಫೈನಲ್‌ನಲ್ಲಿ ಅದೇ ತಂಡವನ್ನು 3-2ರಿಂದ ಸೋಲಿಸಿ ಚಿನ್ನ ಗೆದ್ದಿತು. ಇಂಥ ಪಂದ್ಯ ನಡೆಯದೇ ಹೋಗ್ತಿತ್ತು ನೋಡಿ.

ಆದರೆ 2003ರಲ್ಲಿ ಹುಟ್ಟಿದವರಿಗೆ 2021ರದ್ದೇ ಕೊನೆಯ ಅವಕಾಶ. ಅವರಿಗೆ ಜೂನ್ ಬಂದರೂ ಪ್ರಯೋಜನ ಇರಲಿಲ್ಲ. ಸೀನಿಯರ್ ತಂಡದವರು ಮುಂದಿನ ವರ್ಷ ಆಡಬಹುದು, ವಯೋಮಿತಿ ತಂಡದವರು ಆಡೋಕಾಗಲ್ಲ. ಹಾಗಾಗಿ ಇಂಥ ಟೂರ್ನಿ ರದ್ದು ಮಾಡೋ ದಿನವೇ ಬದಲಿ ದಿನಾಂಕ ಹೇಳಬೇಕು. ಅದು ಆಗದಿದ್ದರೆ ಮುಂದಿನ ಟೂರ್ನಿಗೆ ವಯಸ್ಸಿನಲ್ಲಿ ಒಂದು ವರ್ಷದ ರಿಯಾಯಿತಿ ಕೊಡಬೇಕು. ಹುಡುಗಿಯರಿಗೂ, ಹುಡುಗರಿಗೂ.