ಮೊದಲು ನಾಮಕರಣವಾಗಲಿ

ಮಗು ಹುಟ್ಟಿದ ಸುದ್ದಿ ಮುಂಬಯಿ, ಪುಣೆಗಳ ನಮ್ಮ ಸಮಾಜದಲ್ಲಿ ಸಂಜೆಯೊಳಗೆ ಎಲ್ಲರ ಮನೆ ಮುಟ್ಟುತ್ತದೆ. ಆದರೆ ಮಗುವಿಗೆ ಡೌನ್ ಸಿಂಡ್ರೋಮ್ ಇದೆಯೆಂದು ವೈದ್ಯರು ಹೇಳಿದರೆ ಅದೇ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ನಾಮಕರಣ ಸದ್ದಿಲ್ಲದೆ ಮುಗಿಯುತ್ತದೆ. ಬಸದಿಗೆ ಕರೆತಂದು ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳಿಸುವ ದಿನ ಮುಂದೆ ಮುಂದೆ ಹೋಗುತ್ತದೆ. ಬಾಣಂತಿಯನ್ನು ನೋಡಲು ಬಂದವರು ನಿಟ್ಟುಸಿರಿಡುತ್ತಾರೆ: ಯಾವ ಜನ್ಮದ ಪಾಪವೋ!

ಇದನ್ನು ಕರ್ಮಸಿದ್ಧಾಂತವೆಂದು ಭಾವಿಸಿ ಆಡುವವರು ಸಿದ್ಧಾಂತವನ್ನು ಓದಿದವರಲ್ಲ. ಒಂದು ಜೀವದ ಕರ್ಮ ಇನ್ನೊಂದು ಜೀವದ ಖಾತೆಗೆ ವರ್ಗವಾಗುವುದಿಲ್ಲವೆಂಬುದು ಜೈನ ದರ್ಶನದ ಮೊದಲ ಪಾಠ. ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಲು ಅಲ್ಲಿ ಅವಕಾಶವೇ ಇಲ್ಲ. ಜ್ಞಾನಾವರಣೀಯ ಕರ್ಮವೂ ಜ್ಞಾನವನ್ನು ಮರೆಮಾಡೀತು, ಅಳಿಸಲಾರದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ವಾತ್ಸಲ್ಯವೂ ಸೇರಿವೆ. ಪಾಂಜರಾಪೋಳದ ಮುದಿ ಹಸುವಿಗೆ ಧಾರಾಳವಾಗಿ ಸಲ್ಲುವ ಆ ವಾತ್ಸಲ್ಯಕ್ಕೆ ನಮ್ಮವರದೇ ತೊಟ್ಟಿಲ ಬಳಿ ಏಕೆ ಇಷ್ಟು ಬಡತನ?

21ನೆಯ ವರ್ಣತಂತು ಎರಡರ ಬದಲು ಮೂರಿರುವುದೇ ಈ ಸ್ಥಿತಿಗೆ ಕಾರಣವೆಂದು 1959ರಲ್ಲೇ ಫ್ರಾನ್ಸಿನ ವಿಜ್ಞಾನಿಗಳು ಪ್ರಕಟಿಸಿದರು. ಬಹುಪಾಲು ಪ್ರಕರಣಗಳಲ್ಲಿ ಇದು ಆಕಸ್ಮಿಕ. ಹೆತ್ತವರಿಂದ ಬರುವ ವಿರಳ ಬಗೆಯೊಂದಿದೆ. ಅದನ್ನು ವರ್ಣತಂತು ಪರೀಕ್ಷೆ ತಿಳಿಸುತ್ತದೆ. ಅಕ್ಕನ ಸಂಬಂಧಕ್ಕೆ ಅಡ್ಡಿಯಾದೀತೆಂದು ತಮ್ಮನನ್ನು ಬಚ್ಚಿಡುವ ಮೊದಲು ಆ ವರದಿಯನ್ನಾದರೂ ನೋಡಬಾರದೇ? ಬಚ್ಚಿಟ್ಟುದರ ಬೆಲೆಯನ್ನು ಮಗುವೇ ತೆರಬೇಕಾಗುತ್ತದೆ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಎಕೋ ಪರೀಕ್ಷೆ ತಡವಾಗಬಾರದು. ಥೈರಾಯ್ಡ್, ಕಿವಿ, ಕಣ್ಣುಗಳ ತಪಾಸಣೆಯೂ ಬೇಕು. ಫಿಸಿಯೋಥೆರಪಿ ಮತ್ತು ಮಾತಿನ ತರಬೇತಿ ಬೇಗ ಆರಂಭವಾದಷ್ಟೂ ಮಗುವಿಗೆ ಲಾಭ.

ಲೆಕ್ಕಪತ್ರದ ವೃತ್ತಿಯವನಾಗಿ ಇನ್ನೊಂದು ಮಾತನ್ನು ಹೇಳಲೇಬೇಕು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಮಿನ ಪ್ರಕಾರ, ರೋಗ ಅಥವಾ ನ್ಯೂನತೆಯ ಕಾರಣಕ್ಕೆ ಯಾರೂ ವಾರಸುದಾರಿಕೆ ಕಳೆದುಕೊಳ್ಳುವುದಿಲ್ಲ. ಆದರೂ ಪಾಲುಪಟ್ಟಿ ಬರೆಯುವಾಗ ಈ ಮಗುವಿನ ಪಾಲು "ಅಣ್ಣ ನೋಡಿಕೊಳ್ಳುತ್ತಾನೆ" ಎಂಬ ಬಾಯಿಮಾತಿನಲ್ಲಿ ಕರಗಿಹೋಗುತ್ತದೆ. ಅಣ್ಣ ಒಳ್ಳೆಯವನೇ ಇರಬಹುದು. ಮೃತ್ಯುಪತ್ರವೂ ಟ್ರಸ್ಟ್ ಪತ್ರವೂ ಬರವಣಿಗೆಯಲ್ಲಿರಲಿ. ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿದರೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಆರೋಗ್ಯ ವಿಮೆ ದೊರೆಯುತ್ತದೆ.

ಸರಕಾರವಾದರೂ ಉದಾರವಾಗಿದೆಯೆ? ಅಂಗವಿಕಲ ಅವಲಂಬಿತರ ಪಾಲನೆಗೆಂದು 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಮು ಕೊಡುತ್ತಿದ್ದ ಕಡಿತವನ್ನು 2015ರಲ್ಲಿ 75,000 ರೂಪಾಯಿಗೆ, ತೀವ್ರ ವೈಕಲ್ಯಕ್ಕೆ 1,25,000ಕ್ಕೆ ಏರಿಸಲಾಯಿತು. ಹೊಸ ತೆರಿಗೆ ಪದ್ಧತಿಯನ್ನು ಆಯ್ದವರಿಗೆ ಅದೂ ಇಲ್ಲ. 2023-24ರಿಂದ ತಾನಾಗಿ ಅನ್ವಯವಾಗುವುದು ಆ ಪದ್ಧತಿಯೇ. ತೆರಿಗೆಯನ್ನು ಸರಳಗೊಳಿಸುವ ಭರದಲ್ಲಿ ಮಾಡಿದ ಈ ಅನ್ಯಾಯವನ್ನು ಅಲ್ಪಸಂಖ್ಯಾತರ ಮನವಿಪತ್ರಗಳನ್ನು ಹೊತ್ತು ದೆಹಲಿಗೆ ಹೋಗುವ ನಮ್ಮ ಮುಖಂಡರು ಅಲ್ಲಿ ಎತ್ತಿ ಹೇಳಲಿ.

ಬಸದಿಯ ಆಡಳಿತ ಮಂಡಳಿಗಳಿಗೆ ದೆಹಲಿಯ ದಾರಿ ಕಾಯಬೇಕಾಗಿಲ್ಲ. ಪಂಚಕಲ್ಯಾಣದ ಸವಾಲುಗಳಲ್ಲಿ ಕೂಡುವ ಹಣದಿಂದ ಒಂದಂಶವನ್ನು ಈ ಮಕ್ಕಳ ಹೃದಯ ಚಿಕಿತ್ಸೆಗೂ ತರಬೇತಿಗೂ ತೆಗೆದಿರಿಸಿ, ಭಾನುವಾರದ ಪಾಠಶಾಲೆಯಲ್ಲಿ ಇತರ ಮಕ್ಕಳ ನಡುವೆಯೇ ಇವರನ್ನು ಕೂರಿಸಿಕೊಳ್ಳುವ ನಿರ್ಣಯವನ್ನು ಮುಂದಿನ ಸಭೆಯಲ್ಲೇ ಅಂಗೀಕರಿಸಬಹುದು.