ಮನೆಯ ಮೊದಲ ವಾಹನ

ದಿಲ್ಲಿಯಂತಹ ಮಹಾನಗರದಲ್ಲಿ ಬಾಳುವ ಸಂಸಾರಕ್ಕೆ ಸ್ವಂತ ವಾಹನವೊಂದು ಇರಬೇಕೆಂಬ ಆಸೆ ಹುಟ್ಟುವುದು ಸಹಜ. 2002ರ ಡಿಸೆಂಬರಿನಲ್ಲಿ ಶಾಹದರಾದಿಂದ ತೀಸ್ ಹಜಾರಿಯವರೆಗೆ ಓಡಲಾರಂಭಿಸಿದ ಮೆಟ್ರೋ ರೈಲು ಇಂದು ನೋಯ್ಡಾ, ಗುರುಗ್ರಾಮ, ಫರೀದಾಬಾದುಗಳನ್ನೂ ಮುಟ್ಟಿದೆ. ದಿನನಿತ್ಯದ ಕಚೇರಿಗೂ ಶಾಲೆಗೂ ಅನೇಕರಿಗೆ ಅದೇ ಸಾಕು. ಆದರೆ ನಡುರಾತ್ರಿಯಲ್ಲಿ ಅಜ್ಜಿಗೆ ಉಬ್ಬಸ ಹೆಚ್ಚಿದಾಗ, ಊರಿನಿಂದ ಬಂದ ನೆಂಟರು ತೆಂಗಿನಕಾಯಿಯ ಚೀಲಗಳೊಡನೆ ನಿಜಾಮುದ್ದೀನ್ ನಿಲ್ದಾಣದಲ್ಲಿ ಇಳಿದಾಗ, ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ನಾಟಕ ಮುಗಿದು ಮನೆಮಂದಿಯೆಲ್ಲ ಹಿಂದಿರುಗಬೇಕಾದಾಗ, ಸ್ವಂತ ವಾಹನದ ಬೆಲೆ ತಿಳಿಯುತ್ತದೆ.

ಇಂತಹ ಸಂಸಾರಗಳಲ್ಲಿ ಕೆಲವು ಹಳೆಯದೊಂದು ಚಿಕ್ಕ ಮಾರುತಿ ವ್ಯಾನನ್ನು ಮೊದಲ ವಾಹನವಾಗಿ ಕೊಳ್ಳುವುದುಂಟು. ಅದನ್ನು ‘ತಗಡಿನ ಡಬ್ಬಿ’ ಎಂದು ಹಾಸ್ಯ ಮಾಡುವವರೂ ಉಂಟು. ಆ ಹಾಸ್ಯಕ್ಕೆ ಅಂಜಿ, ಶಾಲೆಯ ಬಾಗಿಲಿಗಿಂತ ನೂರು ಗಜ ಹಿಂದೆಯೇ ಇಳಿದು ನಡೆದುಬರುವ ವಿದ್ಯಾರ್ಥಿಗಳನ್ನು ನಾವು ಬಲ್ಲೆವು. ಈ ನಾಚಿಕೆಗೆ ಕಾರಣವಿಲ್ಲವೆಂದೂ, ಆ ವಾಹನದ ವಿಷಯದಲ್ಲಿ ಚಿಂತಿಸತಕ್ಕ ಸಂಗತಿಗಳು ಬೇರೆಯೇ ಇವೆಯೆಂದೂ ನಮ್ಮ ಅಭಿಪ್ರಾಯ.

ಮೊದಲು ಅದರ ಹುಟ್ಟನ್ನು ನೋಡೋಣ. ಯುದ್ಧಾನಂತರದ ಜಪಾನು, ಸಾಮಾನ್ಯ ಜನರಿಗೂ ಸಣ್ಣ ವ್ಯಾಪಾರಿಗಳಿಗೂ ಎಟಕುವಂತೆ, ಗಾತ್ರಕ್ಕೂ ಎಂಜಿನ್ನಿಗೂ ಮಿತಿಯಿಟ್ಟು ಕಿರುವಾಹನಗಳ ವರ್ಗವೊಂದನ್ನು ಏರ್ಪಡಿಸಿತು. ಆ ವರ್ಗದಲ್ಲಿ ಸುಜುಕಿ ಸಂಸ್ಥೆಯು 1961ರಲ್ಲಿ ‘ಕ್ಯಾರಿ’ ಎಂಬ ವಾಹನವನ್ನು ಹೊರತಂದಿತು. ಅದರ ವಂಶದ ಕುಡಿಯೇ 1984ರಲ್ಲಿ ನಮ್ಮ ನೆರೆಯ ಗುರುಗ್ರಾಮದ ಕಾರ್ಖಾನೆಯಿಂದ ಹೊರಬಂದ ಮಾರುತಿ ವ್ಯಾನು. 1988ರಲ್ಲಿ ಅದಕ್ಕೆ ‘ಓಮ್ನಿ’ ಎಂದು ಹೆಸರಾಯಿತು. 796 ಘನ ಸೆಂಟಿಮೀಟರಿನ, ಮೂರು ಸಿಲಿಂಡರಿನ ಪುಟ್ಟ ಎಂಜಿನ್ನು ಮುಂದಿನ ಆಸನಗಳ ಕೆಳಗೆ ಅಡಗಿರುತ್ತದೆ. ಆದುದರಿಂದ ಮೂರೂವರೆ ಮೀಟರಿಗಿಂತ ಕಡಮೆ ಉದ್ದದ ಗಾಡಿಯಲ್ಲಿ ಜನರಿಗೂ ಸಾಮಾನಿಗೂ ಹೆಚ್ಚು ಸ್ಥಳ ಉಳಿಯಿತು. ಬದಿಗೆ ಸರಿಯುವ ಬಾಗಿಲುಗಳು ಕರೋಲ್ ಬಾಗಿನಂತಹ ಇಕ್ಕಟ್ಟಾದ ಓಣಿಗಳಿಗೆ ಹೇಳಿ ಮಾಡಿಸಿದಂತಿವೆ. ಅತ್ಯಲ್ಪದಲ್ಲಿ ಅತಿ ಹೆಚ್ಚು ಉಪಯೋಗವನ್ನು ಪಡೆಯುವ ಈ ಜಾಣ್ಮೆಯನ್ನು ಕಂಡು ನಗುವುದು ಹೇಗೆ?

ಆದರೆ ಗುಣವನ್ನು ಹೊಗಳುವಾಗ ದೋಷವನ್ನು ಮುಚ್ಚಿಡಲಾಗದು. ಎಂಜಿನ್ನು ಆಸನದ ಕೆಳಗಿರುವುದರಿಂದ ಜ್ಯೇಷ್ಠಮಾಸದ ಬಿಸಿಲಿನಲ್ಲಿ ಕೆಳಗಿನಿಂದಲೂ ಕಾವು ಏರುತ್ತದೆ. ಅದಕ್ಕಿಂತ ಮುಖ್ಯವಾಗಿ, ಚಾಲಕರ ಮೊಣಕಾಲಿಗೂ ಎದುರಿನ ವಾಹನಕ್ಕೂ ನಡುವೆ ತೆಳುವಾದ ತಗಡು ಮಾತ್ರ ಇರುತ್ತದೆ. ಎದುರು ಡಿಕ್ಕಿಯ ಪರೀಕ್ಷೆಯು 2019ರಲ್ಲಿ ಹಳೆಯ ಮಾದರಿಯ ಕಾರುಗಳಿಗೂ ಕಡ್ಡಾಯವಾಗುವ ಹೊತ್ತಿಗೆ, ಮೂವತ್ತೈದು ವರ್ಷ ನಡೆದ ಈ ವ್ಯಾನಿನ ತಯಾರಿಕೆ ನಿಂತಿತು. ಆದುದರಿಂದ ಇದು ನಗರದೊಳಗೆ ನಿಧಾನವಾಗಿ ಓಡತಕ್ಕ ವಾಹನವೇ ಹೊರತು, ಯಮುನಾ ಹೆದ್ದಾರಿಯಲ್ಲಿ ಆಗ್ರಾಕ್ಕೆ ಧಾವಿಸತಕ್ಕದ್ದಲ್ಲ. ಐವರ ಸ್ಥಳದಲ್ಲಿ ಹತ್ತು ಮಕ್ಕಳನ್ನು ತುರುಕುವುದು, ಅಡಿಗೆಯ ಅನಿಲದ ಸಿಲಿಂಡರನ್ನು ಕಳ್ಳತನದಿಂದ ಜೋಡಿಸಿ ಓಡಿಸುವುದು, ಇವು ಮಿತವ್ಯಯವಲ್ಲ. ಪ್ರಾಣದೊಡನೆ ಆಡುವ ಜೂಜು.

ಇನ್ನು ಅದರ ವಯಸ್ಸಿನ ಪ್ರಶ್ನೆ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2014ರಲ್ಲಿ, ಹದಿನೈದು ವರ್ಷ ಮೀರಿದ ವಾಹನಗಳು ದಿಲ್ಲಿಯಲ್ಲಿ ಓಡಬಾರದೆಂದು ಆಜ್ಞಾಪಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ರಾಜಧಾನಿ ವಲಯದಲ್ಲಿ ಪೆಟ್ರೋಲ್ ವಾಹನಗಳಿಗೆ ಅದೇ ಮಿತಿಯನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂತಹ ವಾಹನಗಳಿಗೆ ದಿಲ್ಲಿಯ ಬಂಕುಗಳಲ್ಲಿ ಇಂಧನವನ್ನೇ ನಿಲ್ಲಿಸುವ ಪ್ರಯತ್ನ ನಡೆದು, ಕೆಲವೇ ದಿನಗಳಲ್ಲಿ ತಡೆಯಾಯಿತು. ಅದೇ ಆಗಸ್ಟಿನಲ್ಲಿ ನ್ಯಾಯಾಲಯವು ಒಡೆಯರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಭಾರತ್ 4 ಮತ್ತು ಅದಕ್ಕೂ ಹೊಸ ಹೊಗೆಮಾನದ ವಾಹನಗಳಿಗೆ ಸೀಮಿತಗೊಳಿಸಿತು. ಒಂದೇ ವರ್ಷದಲ್ಲಿ ಹೀಗೆ ಹೊರಳುವ ನಿಯಮವನ್ನು ನಂಬಿ ಲೆಕ್ಕ ಹಾಕುವುದು ವಿವೇಕವಲ್ಲ. ಹದಿನೈದೇ ವರ್ಷವೆಂದು ಎಣಿಸಿ, ಮೇಲೆ ದೊರೆತುದನ್ನು ಲಾಭವೆಂದು ತಿಳಿಯುವುದು ಕ್ಷೇಮ.

ಈ ನಿಯಮವು ಬಡವರ ವಾಹನವನ್ನೇ ಹಿಡಿಯುತ್ತದೆ, ಹೊಸ ಕಾರಿನವರನ್ನು ಮುಟ್ಟುವುದಿಲ್ಲ ಎಂಬ ಆಕ್ಷೇಪವಿದೆ. ಅದು ತಳ್ಳಿಹಾಕತಕ್ಕ ಮಾತಲ್ಲ. ಆದರೆ ಕಾರ್ತಿಕಮಾಸದಲ್ಲಿ ಹೊಗೆಮಂಜು ಕವಿದು ಶಾಲೆಗಳೇ ಮುಚ್ಚುವ ಈ ನಗರದಲ್ಲಿ, ಕೆಟ್ಟ ಗಾಳಿಯ ಮೊದಲ ಪೆಟ್ಟು ಬೀಳುವುದೂ ಬಡವರ ಮಕ್ಕಳ ಎದೆಗೇ ಅಲ್ಲವೆ? ಮಿತಿಯಿರುವುದನ್ನು ನಾವು ಒಪ್ಪುತ್ತೇವೆ. ಆ ಮಿತಿಯನ್ನು ಅರಿಯದ ಕೊಳ್ಳುಗನಿಗೆ, ಆಯುಷ್ಯ ಮುಗಿಯುತ್ತ ಬಂದ ಗಾಡಿಯನ್ನು ದಾಟಿಸುವುದೇ ನಿಜವಾದ ಅನ್ಯಾಯ.

ಇದಕ್ಕೆ ಮದ್ದು ವಿದ್ಯಾರ್ಥಿಗಳ ಕೈಯಲ್ಲೇ ಇದೆ. ತ್ರೈರಾಶಿ ಬಲ್ಲ ಮಕ್ಕಳು ಮನೆಯಲ್ಲಿ ಈ ಲೆಕ್ಕವನ್ನು ಮಾಡಿಕೊಡಬಹುದು. 2015ರಲ್ಲಿ ನೋಂದಣಿಯಾದ ವ್ಯಾನಿಗೆ 2030ರಲ್ಲಿ ಹದಿನೈದು ತುಂಬುತ್ತದೆ. ತೊಂಬತ್ತು ಸಾವಿರ ರೂಪಾಯಿ ಕೊಟ್ಟು ಮೂರು ವರ್ಷ ಓಡಿಸುವಂತಿದ್ದರೆ ವರ್ಷಕ್ಕೆ ಮೂವತ್ತು ಸಾವಿರವಾಯಿತು. ರಿಪೇರಿ, ವಿಮೆ, ಪೆಟ್ರೋಲು ಬೇರೆ. ನೋಂದಣಿ ಪತ್ರದ ಎಂಜಿನ್ ಸಂಖ್ಯೆ ಗಾಡಿಯ ಸಂಖ್ಯೆಗೆ ಹೊಂದುವುದೇ, ಬ್ಯಾಂಕಿನ ಸಾಲ ತೀರಿದೆಯೇ, ವಿಮೆಯೂ ಹೊಗೆ ತಪಾಸಣೆಯ ಪತ್ರವೂ ಜೀವಂತವಿವೆಯೇ, ಕಾಲಿಡುವ ನೆಲದ ತಗಡು ತುಕ್ಕು ತಿಂದಿದೆಯೇ ಎಂದು ನೋಡಬೇಕು. ಕೊಂಡವರು ಮೂವತ್ತು ದಿನಗಳೊಳಗೆ ಒಡೆತನವನ್ನು ತಮ್ಮ ಹೆಸರಿಗೆ ಬದಲಾಯಿಸಲು ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದು 1988ರ ಮೋಟಾರು ವಾಹನ ಕಾಯಿದೆಯ ವಿಧಿ. ಮಾರಿದವರೂ ಇದನ್ನು ಕಡೆಗಣಿಸುವಂತಿಲ್ಲ. ಅಪಘಾತವಾದರೆ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟಪಡಿಸಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಸಾಲದ ಹೊರೆಯಿಲ್ಲದೆ, ದುಡಿಮೆಯ ಹಣದಿಂದ ಕೊಂಡ ಹಳೆಯ ವ್ಯಾನು ಈ ಗಾದೆಯನ್ನು ನಡೆಸಿ ತೋರಿಸಿದ ತಂದೆತಾಯಿಗಳ ವಿವೇಕಕ್ಕೆ ಸಾಕ್ಷಿ. ಅದನ್ನು ಶುಚಿಯಾಗಿಟ್ಟು, ಹೊಗೆಯುಗುಳದಂತೆ ನೋಡಿಕೊಂಡು, ಅದರ ಕಾಲ ಮುಗಿದಾಗ ಗೊಣಗದೆ ಬೀಳ್ಕೊಡುವುದು ಒಡೆತನದ ಧರ್ಮ. ಅಂತಹ ವಾಹನದಿಂದ ಶಾಲೆಯ ಬಾಗಿಲಲ್ಲೇ ಇಳಿಯಲು ಯಾರೂ ಹಿಂಜರಿಯಬೇಕಾಗಿಲ್ಲ.